ಪಕ್ಕದ ಬೆಳಕು

“ಬೆಳಕು ಕಂಡ ಕೂಡಲೇ ಗುಂಡಿ ಒತ್ಬೇಕು, ಅಷ್ಟೇ,” ಎಂದಳು ಹೆಂಡತಿ.

ಕನ್ನಡಕದಂಗಡಿಯವನು ಹೊಸ ಯಂತ್ರಕ್ಕೆ ಗಲ್ಲ ಆನಿಸಿ ಕೂತಿದ್ದ. ಪಕ್ಕದ ನೋಟ ಎಷ್ಟಿದೆ ಎಂದು ಅಳೆಯುವ ಯಂತ್ರ ಅದು. ಅಂಗಡಿಗೆ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಗಿರಾಕಿಗಿಂತ ಮೊದಲು ತಾನೇ ಕೂತು ನೋಡದಿದ್ದರೆ ಈ ಮನುಷ್ಯನಿಗೆ ತಿಂದದ್ದು ಅರಗುವುದಿಲ್ಲ.

ಕಣ್ಣಿಗೆ ಕಾಣದ ಜಾಗವನ್ನು ಕಪ್ಪಾಗಿ ತೋರಿಸುವ ಕಾಗದ ಹೊರಬಂತು. ಬಲಗಣ್ಣಿಗೆ ಬಲಬದಿಯೆಲ್ಲ ಕಪ್ಪು, ಎಡಗಣ್ಣಿಗೆ ಎಡಬದಿಯೆಲ್ಲ ಕಪ್ಪು.

“ಕೆಟ್ಟದ್ದನ್ನ ತಂದು ನಮ್ಮ ತಲೆಗೆ ಕಟ್ಟಿದಾರೆ,” ಎಂದು ಗೊಣಗುತ್ತ ಸ್ಕ್ರೂಡ್ರೈವರ್ ತಂದ. ಹಿಂದಿನ ಮುಚ್ಚಳ ಬಿಚ್ಚಿ, ಒಂದೊಂದೇ ತಂತಿ ಮುಟ್ಟಿ ನೋಡಿ, ಮತ್ತೆ ಮುಚ್ಚಿ ಕೂತ. ಮತ್ತದೇ ಕಪ್ಪು.

“ಏಳಿ, ನಾನು ಕೂರ್ತೀನಿ.”

ಅವಳು ಟಕ್ ಟಕ್ಕೆಂದು ಗುಂಡಿ ಒತ್ತಿದಳು. ಎಲ್ಲರ ಕಣ್ಣಲ್ಲೂ ಇರುವ ಒಂದೊಂದು ಕುರುಡು ಚುಕ್ಕೆ ಬಿಟ್ಟರೆ ಅವಳ ಕಾಗದ ಪೂರ್ತಿ ಬಿಳಿ. ಎರಡು ಕಾಗದಗಳನ್ನೂ ಜೋಡಿಸಿಟ್ಟು ನೋಡಿದಳು.

“ಅದಕ್ಕೇ ಬಾಗಿಲಿಗೆ ಭುಜ ಬಡ್ಕೊಳ್ತೀರ. ಟೀ ಹಿಡ್ಕೊಂಡು ಪಕ್ಕದಲ್ಲಿ ನಿಂತ್ರೂ ತಿರುಗಿ ನೋಡ್ತಿರ್ಲಿಲ್ಲ. ನಾನು ಗರ್ವ ಅಂದ್ಕೊಂಡಿದ್ದೆ.”

ಕಣ್ಣಿನ ಡಾಕ್ಟರು ಆ ಕಾಗದ ನೋಡಿದ್ದೇ ತಲೆಯ ಸ್ಕ್ಯಾನ್ ಬರೆದರು. ಸ್ಕ್ಯಾನ್ ನೋಡಿ ಹಾರ್ಮೋನಿನ ಡಾಕ್ಟರ ಬಳಿಗೆ ಕಳಿಸಿದರು. ವಯಸ್ಸಾದ ಆ ಹೆಂಗಸು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು.

“ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿ. ಅದರ ನೆತ್ತಿ ಮೇಲೇ ಕಣ್ಣಿನ ನರಗಳು ಅಡ್ಡ ಹಾಯ್ತವೆ. ಇದರಲ್ಲಿ ಗಂಟಾದ್ರೆ ಮೊದಲು ಪಕ್ಕದ ನೋಟ ಹೋಗುತ್ತೆ. ಬಾಣಂತಿಗೆ ಹಾಲು ಬರಿಸೋ ಹಾರ್ಮೋನ್ ಇಲ್ಲೇ ಹುಟ್ಟೋದು. ನಿಮ್ಮಲ್ಲಿ ಅದು ಉಕ್ಕಿರಬೇಕು.”

“ಗಂಡಸಿಗೂ ಇರುತ್ತಾ ಅದು?” ಅವನು ಕುರ್ಚಿಯ ತುದಿಗೆ ಬಂದ. ಭಯವೇನೋ ಇತ್ತು, ಆದರೆ ಕುತೂಹಲ ಅದನ್ನು ಹಿಂದಕ್ಕೆ ತಳ್ಳಿತ್ತು.

“ಸ್ವಲ್ಪ ಇರುತ್ತೆ. ಜಾಸ್ತಿಯಾದ್ರೆ ಮೇಲಿಂದ ಕೆಳಕ್ಕೆ ಹೋಗೋ ಅಪ್ಪಣೆ ನಿಂತುಹೋಗುತ್ತೆ. ಅಪ್ಪಣೆ ಬರದೆ ಬೀಜದಲ್ಲಿ ವೀರ್ಯಾಣು ಹುಟ್ಟೋದಿಲ್ಲ. ಸಾಮಾನ್ಯವಾಗಿ ಇಂಥ ಗಂಟು ಮಾತ್ರೆಗೇ ಬಗ್ಗುತ್ತೆ, ಹೆದರಬೇಡಿ. ಮೊದಲು ರಕ್ತ ನೋಡೋಣ. ಮಕ್ಕಳು?”

ಅವನು ತಲೆ ತಗ್ಗಿಸಿದ. ಆರು ವರ್ಷದ ಹಿಂದೆ, ಮಕ್ಕಳಾಗಲಿಲ್ಲವೆಂದು ಹೋದಾಗ, ಒಬ್ಬರು ಡಾಕ್ಟರು ಅವನಿಗೂ ಪರೀಕ್ಷೆ ಬರೆದುಕೊಟ್ಟಿದ್ದರು. “ನನಗೇನು ಧಾಡಿ? ನೀನು ತೋರಿಸ್ಕೋ,” ಎಂದು ಚೀಟಿ ಮಡಚಿ ಅವಳ ಕೈಗಿತ್ತಿದ್ದ. ಊರವರ ಯಂತ್ರವನ್ನೆಲ್ಲ ಬಿಚ್ಚಿ ನೋಡುವವನಿಗೆ ತನ್ನದೊಂದು ಮಾತ್ರ ಬಿಚ್ಚಿ ನೋಡಲು ಮನಸ್ಸಾಗಿರಲಿಲ್ಲ. ಅಂದಿನಿಂದ ಅವನ ಅಕ್ಕನ ಚುಚ್ಚುಮಾತು ಕೇಳಿದವಳು ಹೆಂಡತಿ, ಸೂಜಿ ಚುಚ್ಚಿಸಿಕೊಂಡವಳೂ ಅವಳೇ.

ಅವಳು ಚೀಲದಿಂದ ದಪ್ಪನೆಯ ಫೈಲು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ನಿಧಾನವಾಗಿ ಕೊನೆಯವರೆಗೂ ಮಗುಚಿದರು.

“ನಿಮ್ಮದೆಲ್ಲ ಸರಿಯಾಗೇ ಇದೆಯಲ್ಲಮ್ಮ. ಮೊದಲ ಹಾಳೆಯಿಂದಲೂ.”

ಅವಳು ಫೈಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ರಕ್ತ ತೆಗೆಯುವ ಕೋಣೆಯಲ್ಲಿ ಅವನು ಬಲತೋಳು ಚಾಚಿದ. “ಎಡಗೈ ಕೊಡಿ, ನಾಳೆ ಕೆಲಸಕ್ಕೆ ಬಲಗೈ ಬೇಕು,” ಎಂದಳು ಹೆಂಡತಿ ಪಕ್ಕದ ಕುರ್ಚಿಯಿಂದ. “ಸೂಜಿ ತೆಗೆದ್ಮೇಲೆ ಹತ್ತಿ ಒತ್ತಿ ಹಿಡೀರಿ. ಉಜ್ಜಬೇಡಿ, ನೀಲಿಗಟ್ಟುತ್ತೆ.”

“ನೀನು ಎಷ್ಟು ಸಲ ಕೊಟ್ಟಿದ್ದೆ?”

“ಮೊದಮೊದಲು ಎಣಿಸ್ತಿದ್ದೆ.”

ಅವನ ಫೋನು ಬಡಿದುಕೊಂಡಿತು. ಅಕ್ಕ. ಹತ್ತಿ ಒತ್ತಿದ್ದ ಕೈ ಬಿಡುವಂತಿರಲಿಲ್ಲ. ಹೆಂಡತಿಯೇ ಫೋನನ್ನು ಅವನ ಕಿವಿಗೆ ಹಿಡಿದಳು.

“ಆಸ್ಪತ್ರೆಗೆ ಹೋಗಿದೀರಂತೆ? ಏನಂದ್ರು ಅವಳಿಗೆ?” ಅಕ್ಕನ ದನಿ ಗೋಡೆಗೂ ಕೇಳುವಂತಿತ್ತು.

“ಅವಳಿಗೇನಿಲ್ಲ ಅಕ್ಕಾ,” ಎಂದ. “ಅವಳಿಗೆ ಯಾವತ್ತೂ ಏನೂ ಇರ್ಲಿಲ್ಲ. ನನಗೆ.”

ಅಕ್ಕ ಫೋನಿಟ್ಟಳು. ಹೆಂಡತಿ ಫೋನನ್ನು ಚೀಲಕ್ಕೆ ಹಾಕಿದಳು. ಅವನು ಕತ್ತು ಪೂರ್ತಿ ಹೊರಳಿಸಿ ಅವಳನ್ನು ಹುಡುಕಿದ.

“ಕತ್ತು ಉಳುಕೀತು, ಇರಿ,” ಎಂದು ಅವಳು ಎದ್ದು, ತನ್ನ ಕುರ್ಚಿಯನ್ನು ಎಳೆದು ತಂದು ಅವನ ಎದುರಿಗೆ ಹಾಕಿಕೊಂಡು ಕೂತಳು.