ಸುಡುಗಾಡಿನ ಕೆಳಗಿನ ಮರಳು

“ಉಡಿದಾರ ಹರೀಬ್ಯಾಡಲೇ, ಬಿಚ್ಚು,” ಎಂದು ಹಿರಿಯ ಕಾಟಲಿಂಗಪ್ಪ ಗದರಿದ.

ಹೆಣಕ್ಕೆ ನೀರು ಹಾಕುತ್ತಿದ್ದ ಬೋರಯ್ಯ ಅಣ್ಣ ಪಾಲಯ್ಯನ ನಡುವಿನ ಗಂಟು ಬಿಚ್ಚಿದ. ದಾರಕ್ಕೆ ಕಟ್ಟಿದ್ದ ಬಟ್ಟೆಚೂರಿನಿಂದ ಜೋಳದ ಕಾಳಿನಷ್ಟು ಬಂಗಾರದ ಗುಂಡು ಅಂಗೈಗೆ ಉರುಳಿತು.

“ಅತ್ಗೆ, ಬಾಯಿಗೆ ಹಾಕಾಕೆ ಬಂಗಾರ ಸಿಕ್ತು. ಅಣ್ಣ ತಾನೇ ಇಟ್ಕಂಡಾನೆ.”

ಬಾಯಿಗೆ ಚೂರು ಬಂಗಾರ ಇಡದೆ ಆ ಊರಿನಲ್ಲಿ ಯಾರನ್ನೂ ಮಣ್ಣು ಮಾಡುವುದಿಲ್ಲ. ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಊರವರ ಮೂಗು ಕಿವಿಗೆಲ್ಲ ಬಂಗಾರ ಒದಗಿಸಿದ ಪಾಲಯ್ಯನ ಮನೆಯಲ್ಲಿ ಉಳಿದದ್ದು ಹೆಂಡತಿಯ ತಾಳಿಯ ಒಂಟಿ ಗುಂಡು. ಅದನ್ನೇ ಕೊಡಲೆಂದು ನಿಂಗಕ್ಕ ಕತ್ತಿಗೆ ಕೈ ಹಾಕಿ ಕುಳಿತಿದ್ದಳು. ಜೋಡಿಯ ಇನ್ನೊಂದನ್ನು ಹಿಂದೆ ಅವಳೇ ಹಲ್ಲಿನಿಂದ ಕಿತ್ತು, ಜ್ವರದಲ್ಲಿ ಸತ್ತ ಮಗಳ ಬಾಯಿಗೆ ಇಟ್ಟಿದ್ದಳು.

ಅವಳು ಬೋರಯ್ಯ ಕೊಟ್ಟ ಗುಂಡನ್ನು ಉಗುರಿನಿಂದ ಸವರಿದಳು. ಹಲ್ಲಿನ ಗುರುತು ಹಾಗೇ ಇತ್ತು.

“ಇದು ನಮ್ಮ ಏಕಾಂತಮ್ಮಂದು.”

*

ಸುಡುಗಾಡಿನ ಕೆಳಗೆ ಮರಿಗೆ ಇಳಿಸಬಾರದೆಂಬುದು ಮರಳು ತೊಳೆಯುವವರ ಕಟ್ಟುಪಾಡು. ಎಪ್ಪತ್ತೈದನೇ ಇಸವಿಯಲ್ಲಿ ಹಳ್ಳ ಉಕ್ಕಿ ಅಲ್ಲೇ ಹೊಸ ಮರಳು ತಂದು ಸುರಿದಾಗ ಪಾಲಯ್ಯನಿಗೆ ಆಸೆ ತಡೆಯಲಾಗಲಿಲ್ಲ; ಮರಿಗೆ ಇಳಿಸಿದ. ಆ ದಿನ ಹೊತ್ತು ನೆತ್ತಿಗೇರುವ ಮೊದಲೇ ಮನೆಗೆ ಬಂದು ಮರಿಗೆಯನ್ನು ಬೋರಲು ಹಾಕಿದ.

“ಇನ್ನು ಹಳ್ಳಕ್ಕೆ ಹೋಗಲ್ಲ,” ಎಂದ. ಯಾಕೆಂದು ಹೇಳಲಿಲ್ಲ.

ಆಮೇಲೆ ಕೊಡದಲ್ಲಿ ನೀರು ಗುಳುಗುಳು ಎಂದರೂ ನಡು ಹಿಡಿದುಕೊಂಡು ಏಳುತ್ತಿದ್ದ. “ಕೂಸು ಅಳ್ತೈತೆ, ಕೇಳಿಸ್ತಾ?”

“ನಿಂಗೆ ಗಾಳಿ ಮೆಟ್ಟೈತೆ,” ಎಂದು ನಿಂಗಕ್ಕ ಬೇವಿನ ಸೊಪ್ಪು ನಿವಾಳಿಸುತ್ತಿದ್ದಳು.

*

“ಹಳ್ಳ ಕೂಸಿನ ಗುಣಿನೇ ಕೊಚ್ಕಂಡು ಹೋಗಿತ್ತಲ್ಲ ಅತ್ಗೆ. ಮರಳಾಗೆ ಸಿಕ್ಕಿದ್ದನ್ನ ತಿರುಗಿ ಎಲ್ಲಿ ಇಡ್ತಿದ್ದ?” ಎಂದ ಬೋರಯ್ಯ.

“ನಂಗೆ ಹೇಳಬೋದಿತ್ತು.”

ಅವಳಿಗೆ ಸಿಟ್ಟು ಬಂದಿತ್ತು. ಹೆಣದ ಮೇಲೆ ಸಿಟ್ಟು ಮಾಡುವುದು ಹೇಗೆಂದು ತಿಳಿಯಲಿಲ್ಲ.

ಗುಣಿಯನ್ನು ಈ ಸಲ ದಿಬ್ಬದ ಮೇಲೆ ತೋಡಿದ್ದರು. ಇಳಿಸುವ ಮೊದಲು ನಿಂಗಕ್ಕ ತನ್ನ ತಾಳಿಯ ಗುಂಡನ್ನು ಹಲ್ಲಿನಿಂದ ಕಿತ್ತು ಗಂಡನ ಬಾಯಿಗೆ ಇಟ್ಟಳು.

“ಇದು ನಿಂದು.”

ಇನ್ನೊಂದನ್ನು ಅವನ ಬಲಗೈಯಲ್ಲಿಟ್ಟಳು.

“ಇದು ಅವಳ್ದು. ಹೋದ ತಕ್ಷಣ ಬಾಯಿಗಿಡು. ಎಷ್ಟು ದಿನ ಅಳಬೇಕು ಅದು.”

ಸೆಟೆದ ಬೆರಳುಗಳು ಮಡಚಿಕೊಳ್ಳಲಿಲ್ಲ. ಅವಳು ಬಲವಂತವಾಗಿ ಮಡಚಿ, ಅದೇ ಉಡಿದಾರ ಸುತ್ತಿ ಬಿಗಿದಳು.

ಊರವರೆಲ್ಲ ಎದೆಯ ಮೇಲೆ ಮಣ್ಣು ಹಾಕಿದರು. ನಿಂಗಕ್ಕ ಮಾತ್ರ ಬಗ್ಗಿ, ಆ ಮುಷ್ಟಿ ಕಾಣದಾಗುವವರೆಗೂ ಅದರ ಮೇಲೆಯೇ ಹಾಕುತ್ತಿದ್ದಳು.