ಹಲಗೆಯ ಕೆಳಗೇನಿದೆ?

ಅವಳು ಮೆಟ್ಟಿಲು ಹತ್ತಿ ಬಂದರೆ ಸಾಕು, ಹರಟುತ್ತಿದ್ದವರೆಲ್ಲ ಸುಮ್ಮನಾಗುತ್ತಿದ್ದರು. ಟೈಲ್ಸ್ ಮೇಸ್ತ್ರಿಯ ಹೆಂಡತಿಯ ಹತ್ತಿರ ಏನು ಮಾತಾಡಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಮೇಸ್ತ್ರಿ ಕಟ್ಟಡದಿಂದ ಬಿದ್ದು ತೀರಿಕೊಂಡ ಮೇಲೆ ಅವನ ತುಂಡು ಗುತ್ತಿಗೆಯನ್ನು ಅವಳೇ ನಡೆಸುತ್ತಿದ್ದಳು. ಜೊತೆಗೆ ಅವಳ ತಮ್ಮ. ತನ್ನವರು ಅಂತ ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಅಂದು ಹೊಸ ಮಹಡಿಯಲ್ಲಿ ಕೆಲಸ. ತಮ್ಮ ಸಿಮೆಂಟ್ ಚೀಲ ಇಳಿಸಿ ಕೈ ಕೊಡವಿದ.

"ಶುರು ಹಚ್ಕೊಳ್ಳೋಣ್ವಾ ಅಕ್ಕಾ?"

"ಇರು. ಪ್ಲಂಬರ್ ಅಣ್ಣನಿಗೂ ವೈರಿಂಗ್‌ನವರಿಗೂ ಹೇಳಿ ಕಳಿಸಿದೀನಿ. ಇವತ್ತು ಯಾರು ಎಲ್ಲಿ ಏನು ಮಾಡ್ತೀವಿ ಅಂತ ಮೊದಲು ಮಾತಾಡ್ಕೊಳ್ಳೋಣ."

"ಟೈಲ್ಸ್ ಹಾಕೋಕೂ ಪಂಚಾಯ್ತಿ ಸೇರಿಸ್ತೀಯಲ್ಲ! ನಮ್ಮವರಿಗೆ ಹೆಲ್ಮೆಟ್ ಇದೆ, ಬೂಟ್ಸ್ ಇದೆ. ಅವರ ಉಸಾಬರಿ ನಮಗ್ಯಾಕೆ?"

"ನಿಮ್ಮ ಭಾವನ ತಲೆ ಮೇಲೂ ಹೆಲ್ಮೆಟ್ ಇತ್ತು ಕಣೋ."

ಅವನು ಮುಖ ತಿರುಗಿಸಿದ. ಭಾವ ಹೇಗೆ ಬಿದ್ದರೆಂದು ಅಕ್ಕ ಒಮ್ಮೆಯೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

"ಸರಿ, ನೀವು ಮಾತಾಡ್ಕೊಳ್ಳಿ. ನಾನು ಅಷ್ಟರಲ್ಲಿ ಗಾರೆ ಕಲಸ್ತೀನಿ" ಎಂದು, ಅದರ ಮೇಲೆ ಕಲಸೋಣವೆಂದು ಮೂಲೆಯಲ್ಲಿ ನೆಲದ ಮೇಲಿದ್ದ ಪ್ಲೈವುಡ್ ಹಲಗೆ ಎತ್ತಲು ಕೈ ಹಾಕಿದ.

"ಏ, ಮುಟ್ಟಬೇಡ!" ಮೆಟ್ಟಿಲು ಹತ್ತಿ ಬಂದ ಪ್ಲಂಬರ್ ಅಲ್ಲಿಂದಲೇ ಕೂಗಿದ. "ನಿನ್ನೆ ಪೈಪ್ ಇಳಿಸಿ ನಾನೇ ಮುಚ್ಚಿದ್ದು ಅದು."

ಪ್ಲಂಬರ್ ಮಂಡಿಯೂರಿ ಹಲಗೆಯ ಅಂಚು ಸರಿಸಿದ. ಅಡಿಯಲ್ಲಿ ಪೈಪಿಗಾಗಿ ಬಿಟ್ಟ ಗುಂಡಿ, ಕೆಳಮಹಡಿಯವರೆಗೂ ಬರೀ ಕತ್ತಲೆ. ತಮ್ಮ ಹಿಂದೆ ಸರಿದು ಗೋಡೆಗೆ ಒರಗಿದ.

"ಹೇಳಬಾರದಿತ್ತಾ ಅಣ್ಣಾ?"

"ಯಾರಿಗೆ ಹೇಳ್ಲಪ್ಪಾ? ಗೋಡೆಗಾ? ನಾನು ಹೋಗೋವಾಗ ನೀವಿಲ್ಲ, ನೀವು ಬರೋವಾಗ ನಾನಿಲ್ಲ."

ಅವಳು ಗುಂಡಿಯನ್ನೇ ನೋಡುತ್ತಿದ್ದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ನಿಮ್ಮ ಭಾವನೂ ಇಂಥದ್ದೇ ಹಲಗೆ ಎತ್ತಿ ಎದೆಗೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟರಂತೆ. ಕೈಯಲ್ಲಿದ್ದ ಹಲಗೆಯೇ ಕಣ್ಣಿಗೆ ಅಡ್ಡ. ಒಂದೊಂದು ಗುಂಪಿನವರೂ ತಮ್ಮವರನ್ನ ಜೋಪಾನ ಮಾಡಿದ್ರು. ಒಬ್ಬರು ಬಿಟ್ಟುಹೋದ ಅಪಾಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ."

ತಮ್ಮನೇ ಹೋಗಿ ಸುತ್ತಿಗೆ ತಂದ. ಹಲಗೆ ಅಲುಗದಂತೆ ಮೊಳೆ ಬಿಗಿದು, ಕೆಂಪು ಬಣ್ಣದಲ್ಲಿ "ಕೆಳಗೆ ಗುಂಡಿ, ಎತ್ತಬೇಡಿ" ಎಂದು ಬರೆದ. ಅಷ್ಟರಲ್ಲಿ ವೈರಿಂಗ್‌ನವನೂ ಬಂದ. ಮಧ್ಯಾಹ್ನ ತಾನು ವೈರ್ ಇಳಿಸಲು ನೆಲದಲ್ಲಿ ಇನ್ನೊಂದು ಕಿಂಡಿ ತೆರೆಯುವುದಿದೆ ಎಂದ. ತೆರೆಯುವವರು ಯಾರು, ಮುಚ್ಚುವವರು ಯಾರು, ಅಲ್ಲಿಯವರೆಗೆ ಸುತ್ತ ತಡೆ ಕಟ್ಟಿ ಕಾಯುವವರು ಯಾರು, ಎಲ್ಲ ಅಲ್ಲೇ ನಿಂತು ತೀರ್ಮಾನಿಸಿದರು. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನಾ? ನಾನು ಭಾಷಣ ಇರುತ್ತೆ ಅಂತ ಹೆದರಿದ್ದೆ ತಾಯಿ" ಎಂದ ಪ್ಲಂಬರ್. ಅವಳೊಡನೆ ಯಾರಾದರೂ ತಮಾಷೆಯಾಗಿ ಮಾತಾಡಿ ಬಹಳ ದಿನವಾಗಿತ್ತು.

ಸಂಜೆ ಅಡುಗೆಮನೆಯಲ್ಲಿ ಅವಳು ಮೂರು ತಟ್ಟೆ ಇಳಿಸಿದಳು. ಒಂದನ್ನು ಮತ್ತೆ ಮೇಲಿಟ್ಟಳು. ತಮ್ಮ ಅದನ್ನು ನೋಡಿದ.

"ನಾಳೆ ಕೆಲಸಕ್ಕೆ ಮೊದಲು ಎಲ್ಲರನ್ನೂ ನಾನೇ ಕರೀತೀನಿ ಅಕ್ಕಾ" ಎಂದ.

ಗುತ್ತಿಗೆ ಹಿಡಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗುಂಪಿನ ಸುರಕ್ಷತೆ ಪಕ್ಕದ ಗುಂಪಿನ ಕೈಯಲ್ಲೂ ಇದೆ. ಕೆಲಸಕ್ಕೆ ಮೊದಲು ಎಲ್ಲ ಗುಂಪಿನವರೂ ಸೇರಿ ಮಹಡಿಯನ್ನು ಒಂದು ಸುತ್ತು ನೋಡಿ ಬನ್ನಿ. ಏನು ತೆರೆದಿದ್ದೀರಿ, ಏನು ಬಿಚ್ಚಿದ್ದೀರಿ, ಬಾಯಿಬಿಟ್ಟು ಹೇಳಿ. ಅವರು ಹೇಳದಿದ್ದರೆ ನೀವೇ ಕೇಳಿ. ಕೇಳಿದ್ದಕ್ಕೆ ನಗುವವರು ನಗಲಿ. ನಿಮ್ಮವರು ಮನೆಗೆ ಬರಲಿ.