ಅಂದಾನೆಪ್ಪ ಮುಚ್ಚಿದ ಕಿಂಡಿ

ಬ್ಯಾಡಗಿಯಲ್ಲಿ ಯಾರಾದರೂ ಕೆಮ್ಮಿದರೆ ಮಂದಿ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಬಸ್ಸಿನಿಂದ ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಹಾಗಾಗಿ ಕಾಯಿಯ ತೊಟ್ಟು ಬಿಡಿಸುವ ಜೈತೂನಬಿಯ ಮಗಳು ಜಾಹೀದಾ ಕೆಮ್ಮುತ್ತಾಳೆಂದು ಗೊತ್ತಾದಾಗ ಓಣಿಯವರು, "ಸುಗ್ಗಿ ಕೆಮ್ಮು, ಹೋಗತೈತಿ ಬಿಡವಾ" ಅಂದರು.

ಆದರೆ ಜೈತೂನಬಿ ಒಂದು ಮಾತು ಗಮನಿಸಿದ್ದಳು. ಹುಡುಗಿಗೆ ಬ್ಯಾಡಗಿಯಲ್ಲಿ ಕೆಮ್ಮು ಬರುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ಬರುತ್ತಿತ್ತು. ಅದೂ ಮಂಗಳವಾರ ಮತ್ತು ಶನಿವಾರ, ಈಜುಮನೆಯೊಳಗೆ ಕಾಲಿಟ್ಟ ಮೇಲೆ.

ಈಜುಮನೆ ಎಂದರೆ ಸೂರು ಹಾಕಿದ ಈಜುಕೊಳ. 1996ರ ದೀಪಾವಳಿಗೆ ಮುಂಚೆ ರಾಣೆಬೆನ್ನೂರಿನ ಕೆಲವು ಬೀಜದ ವ್ಯಾಪಾರಿಗಳು ಸೇರಿ, ಪೋಲಿಯೊದಿಂದ ಕಾಲು ಸೋತ ಮಕ್ಕಳಿಗಾಗಿ ಅದನ್ನು ಕಟ್ಟಿಸಿದ್ದರು. ಎದೆಮಟ್ಟದ ಬೆಚ್ಚಗಿನ ನೀರು. ನೆಲದ ಮೇಲೆ ನಿಲ್ಲಲಾರದ ಕಾಲು ನೀರಿನಲ್ಲಿ ನಿಲ್ಲುತ್ತದೆ, ಅರ್ಧ ಭಾರ ನೀರೇ ಹೊರುತ್ತದೆ. ಒಂಬತ್ತು ವರ್ಷದ ಜಾಹೀದಾಗೆ ಎಡಗಾಲು ಸಣ್ಣದು. ಮೂರು ತಿಂಗಳಲ್ಲಿ ಆಕೆ ಕೊಳದ ಕಟ್ಟೆ ಹಿಡಿದು ನಡೆಯಲು ಕಲಿತಿದ್ದಳು. ಇನ್ನೆರಡು ತಿಂಗಳು ಬಿಡದೆ ಮಾಡಿದರೆ ಕಾಲಿಗೆ ಆಸರೆಯ ಪಟ್ಟಿ ಕಟ್ಟಿಕೊಂಡು ತಾನೇ ಶಾಲೆಗೆ ನಡೆದು ಹೋಗಬಹುದು ಎಂದು ವ್ಯಾಯಾಮದ ಡಾಕ್ಟರಮ್ಮ ಹೇಳಿದ್ದರು.

ಆಗಲೇ ಈ ಕೆಮ್ಮು ಗಂಟು ಬಿತ್ತು. ಜನವರಿಯ ಕೊನೆಯ ಶನಿವಾರ ಜೈತೂನಬಿ ಗಟ್ಟಿ ಮನಸ್ಸು ಮಾಡಿದಳು. ಈಜುಮನೆಯ ಕಾರ್ಡು ವಾಪಸ್ ಕೊಟ್ಟು ಬರುವುದು, ಇವತ್ತೇ ಕಡೆ. ರಜೆಗೆ ಬಂದಿದ್ದ ತಮ್ಮ ಮಹಮ್ಮದ್ ಹನೀಫ್ ಜೊತೆಗೆ ಹೊರಟ. ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯಲ್ಲಿ ಗಾಳಿಯಂತ್ರ ನೋಡಿಕೊಳ್ಳುವುದು ಅವನ ಕೆಲಸ.

ರೈಲಿನಲ್ಲಿ ಕುಳಿತ ಮೇಲೆ ಹನೀಫ್ ಕೇಳಿದ, "ಅಕ್ಕಾ, ಬಿಡಸಾಕ ನಿನಗ್ಯಾರು ಹೇಳಿದ್ರು?"

"ಯಾರು ಹೇಳಬೇಕು? ನೀರಿಗೆ ಹಾಕೋ ಔಷಧ ಜಾಸ್ತಿ ಆಗೈತಿ. ಕೂಸಿನ ಕಣ್ಣ ನೋಡು, ಕೆಂಪಗ ಕಾಯಿ ಆಗ್ಯಾವ."

"ನಿನ್ನ ಕಣ್ಣ ಇಪ್ಪತ್ತು ವರ್ಷದಿಂದ ಹಂಗ ಅದಾವ. ನೀ ತೊಟ್ಟ ಬಿಡಸೂದು ಬಿಟ್ಟೀಯೇನು?"

"ನಂದು ಹೊಟ್ಟಿಪಾಡು. ಆಕಿದು ಬ್ಯಾರೆ."

ಜಾಹೀದಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮಾಮಾ, ನಾ ಇವತ್ತ ಕಟ್ಟಿ ಬಿಟ್ಟು ನಡೀಬೇಕಂತ ಮಾಡಿದ್ದೆ. ಕೆಮ್ಮು ಬಂದ್ರ ನುಂಗಿಕೋತೇನಿ. ಅಮ್ಮಗ ಹೇಳು."

ರಾಣೆಬೆನ್ನೂರು ಬಂದಾಗ ಹನೀಫ್ ಅವಳನ್ನು ಎತ್ತಿಕೊಂಡು ಇಳಿದ.

ಈಜುಮನೆಯ ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಒದ್ದೆ ಬಟ್ಟೆ ಒತ್ತಿದಂತಾಯಿತು. ಒಳಗೆಲ್ಲ ಬಿಳಿ ಮಂಜು. ಕೊಳದ ಆಚೆ ದಂಡೆ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಬಿಳಿ ಟೋಪಿಯ ಅಂದಾನೆಪ್ಪ ಬಂದ. ಈಜುಮನೆಯ ಉಸ್ತುವಾರಿ ಅವನದೇ.

"ಬರ್ರಿ, ಬಾಗಲಾ ಲಗೂ ಹಾಕ್ರಿ. ಕಾವು ಹೊರಗ ಹೋಗತೈತಿ."

"ಕಾಕಾ, ನಾ ಹುಬ್ಬಳ್ಳಿ ಗಿರಣ್ಯಾಗ ಗಾಳಿಯಂತ್ರ ನೋಡಿಕೊಳ್ಳಾಂವ. ಗೋಡಿ ಮ್ಯಾಲಿನ ಆ ದೊಡ್ಡ ಫ್ಯಾನು ಯಾಕ ನಿಂತೈತಿ?" ಎಂದ ಹನೀಫ್.

"ನಾನ ನಿಲ್ಲಿಸೇನಿ. ಆಕಡಿ ಗಾಳಿ ಬರೋ ಕಿಂಡೀನೂ ಬಂದ್ ಮಾಡೇನಿ. ಈ ಥಂಡಿಯೊಳಗ ತಗದಿಟ್ರ ಕೂಸುಗಳಿಗೆ ನೆಗಡಿ ಬರೂದಿಲ್ಲೇನು? ಮೂವತ್ತು ವರ್ಷ ಬ್ಯಾಡಗಿಯೊಳಗ ಕಾಯಿ ಗೋದಾಮು ಕಾದಾಂವ ನಾನು. ಒಂದು ತೂತು ಬಿಡಲಿಲ್ಲ. ಒಂದು ಕಾಯಿಗೆ ಬೂಸ್ಟ ಹಿಡೀಲಿಲ್ಲ."

"ಖರೇ ಐತಿ. ಆದ್ರ ಗೋದಾಮಿಗೆ ತ್ಯಾವ ಎಲ್ಲಿಂದ ಬರ್ತಿತ್ತು?"

"ಹೊರಗಿಂದ. ಮತ್ತೆಲ್ಲಿಂದ?"

"ಇಲ್ಲಿ?"

ಅಂದಾನೆಪ್ಪ ಹೊಗೆಯಾಡುವ ಕೊಳದ ಕಡೆ ತಿರುಗಿದ. ಸೂರಿನಿಂದ ಒಂದು ಕಂದು ಹನಿ ಟಪ್ಪೆಂದು ಅವನ ಟೋಪಿಯ ಮೇಲೆ ಬಿತ್ತು.

"ನೋಡ್ರಿ ಕಾಕಾ, ಉತ್ತರ ಮ್ಯಾಲಿಂದ ಬಂತು. ತುಕ್ಕಿನ ನೀರದು. ಗೋದಾಮಿನ್ಯಾಗ ತ್ಯಾವ ಒಳಗ ಬರದಂಗ ಮುಚ್ಚತೀರಿ. ಇಲ್ಲಿ ತ್ಯಾವ ಒಳಗ ಹುಟ್ಟತೈತಿ, ಅದು ಹೊರಗ ಹೋಗಬೇಕು. ಹೋಗಲಿಲ್ಲಂದ್ರ ಸೂರಿನ ಕಬ್ಬಿಣ ತಿಂತೈತಿ. ಒಂದಿನ ಹನಿ ಬೀಳೂ ಜಾಗಾದಾಗ ಬೋಲ್ಟು ಬೀಳತೈತಿ."

ಆದರೂ ಅಂದಾನೆಪ್ಪ ಒಪ್ಪಲಿಲ್ಲ. "ಗಿರಣಿಯಂವ ನನಗ ಗಾಳಿ ಪಾಠ ಹೇಳಾಕ ಬಂದ" ಎಂದು ಗೊಣಗಿದ.

ಹನೀಫ್ ಊದಿನಕಡ್ಡಿ ಒಂದು ಹಚ್ಚಿ, ಬಟ್ಟೆ ಬದಲಿಸುವ ಕೋಣೆಗೂ ಕೊಳಕ್ಕೂ ನಡುವಿನ ಬಾಗಿಲಲ್ಲಿ ಹಿಡಿದ. ಹೊಗೆ ಕೊಳದ ಕಡೆಯಿಂದ ಹೊರಗೆ, ಕೋಣೆಯ ಕಡೆ ವಾಲಿತು. "ಇದು ತಿರುಗಾಮುರುಗಾ ಆಗೈತಿ. ಹೊಗಿ ಕೊಳದ ಕಡೆ ಹೋಗಬೇಕು. ಹಂಗ ಹೋದ್ರ ಫ್ಯಾನು ಕೆಟ್ಟ ಗಾಳಿ ಎಳಕೊಂಡು ಹೊರಗ ಹಾಕಾಕತ್ತೈತಿ ಅಂತ ತಿಳೀರಿ."

ಹೊಗೆಯ ದಿಕ್ಕು ಕಂಡ ಅಂದಾನೆಪ್ಪ ಮೇನ್ ಸ್ವಿಚ್ಚು ಆರಿಸಿದ. ಇಬ್ಬರೂ ಸೇರಿ ಹೊಸ ಗಾಳಿ ಬರುವ ಕಿಂಡಿಯ ಪೆಟ್ಟಿಗೆ ಬಿಚ್ಚಿದರು. ಒಳಗೆ ಮಡಿಸಿ ತುರುಕಿದ್ದ ಗೋಣಿಚೀಲ. ಹನೀಫ್ ಎಳೆದ ಕೂಡಲೇ ಜೈತೂನಬಿ ಮೂರು ಸಲ ಸೀನಿದಳು.

"ಯಾ ಅಲ್ಲಾ, ಇದು ಕಾಯಿ ಚೀಲ. ಇದರ ಬಾಯಿ ಹೊಲದಾಕಿ ನಾನ ಇದ್ದೇನು."

"ಅದು ಖಾಲಿ ಚೀಲ ಐತವಾ. ಝಾಡಿಸೇ ಹಾಕೇನಿ."

"ಅಂದಾನೆಪ್ಪಣ್ಣಾ, ಕಾಯಿ ಚೀಲ ಏಳು ಸಲ ಝಾಡಿಸಿದ್ರ ಎಂಟನೇ ಸಲ ಸೀನಸತೈತಿ. ಇದು ನಿಮಗ ನಾ ಹೇಳಬೇಕೇನು?"

ಅಂದಾನೆಪ್ಪ ಚೀಲವನ್ನು ಮೂಗಿನ ಹತ್ತಿರ ಹಿಡಿದ. ಏನೂ ಆಗಲಿಲ್ಲ. ಅವನ ಮುಖ ಸಣ್ಣದಾಯಿತು. "ನನ್ನ ಮೂಗು ಸತ್ತು ಭಾಳ ವರ್ಷ ಆತವಾ. ಗೋದಾಮಿನ್ಯಾಗ ಸತ್ತದ್ದು. ಕೂಸುಗಳು ಕೆಮ್ಮೂದು ಕೇಳತಿತ್ತು, ಘಾಟು ಹತ್ತತಿರಲಿಲ್ಲ. ಥಂಡಿ ಹೊಡದೈತಿ ಅಂತ ಆ ಚೀಲ ಇನ್ನೂ ಬಿಗಿಯಾಗಿ ತುರಕಿದೆ."

ಜೈತೂನಬಿಗೆ ಬಯ್ಯಲು ಮನಸ್ಸಾಗಲಿಲ್ಲ. ತಮ್ಮನ ಕಡೆ ತಿರುಗಿದಳು. "ಚೀಲ ತಗದ್ರ ಆತಲ್ಲ? ಇನ್ನ ನೀರಿನ ಔಷಧಾನೂ ಕಡಿಮಿ ಮಾಡಿಸಿಬಿಡು."

"ಔಷಧ ಕಡಿಮಿ ಮಾಡಿದ್ರ ನೀರಿನ್ಯಾಗ ರೋಗ ಬೆಳೀತಾವ. ಅಳತಿ ನೋಡಿ ಹಾಕಬೇಕು, ಅಷ್ಟ. ಕಣ್ಣುರಿ ತರೂದು ಬರೇ ಔಷಧ ಅಲ್ಲ ಅಕ್ಕಾ. ಮೈ ಬೆವರು, ತಲಿಯೆಣ್ಣಿ ಅದಕ್ಕ ಕೂಡಿ ಒಂದು ಘಾಟು ಗಾಳಿ ಹುಟ್ಟತೈತಿ. ಅದು ನೀರಿನ ಮ್ಯಾಲೇ ಕುಂತಿರತೈತಿ. ಕೂಸುಗಳ ಮೂಗು ಎಲ್ಲಿರತೈತಿ? ಅಲ್ಲೇ. ಜಾಹೀದಾನ ತಲಿಗೆ ಇವತ್ತ ಎಷ್ಟು ಎಣ್ಣಿ ಹಚ್ಚಿ ಕರಕೊಂಡು ಬಂದಿ?"

ಜೈತೂನಬಿ ಮಗಳ ಮಿರಮಿರ ಜಡೆ ನೋಡಿದಳು. ಕೈಹಿಡಿದು ಬಚ್ಚಲಿಗೆ ಕರೆದೊಯ್ದು, ಸೀಗೆಪುಡಿ ಹಾಕಿ ತಲೆ ತಿಕ್ಕಿದಳು.

ಅಷ್ಟರಲ್ಲಿ ಹನೀಫ್ ಕಿಂಡಿಯ ಧೂಳು ಸೋಸುವ ಜಾಳಿಗೆ ಬಿಚ್ಚಿದ. ಅದರ ಮೇಲೆ ನಾರು, ಧೂಳು ಸೇರಿ ಕೌದಿಯಂತಾಗಿತ್ತು. ಅಂದಾನೆಪ್ಪನೇ ಅದನ್ನು ಕಸಿದುಕೊಂಡು ತೊಳೆದು, ಬಿಸಿಲಿಗೆ ಹಿಡಿದ. ಸಡಿಲಾಗಿದ್ದ ಫ್ಯಾನಿನ ಬೆಲ್ಟು ಬಿಗಿಯಾಯಿತು. ಒಳಬರುವ ಗಾಳಿಯನ್ನು ಕಾಯಿಸುವ ಬಿಸಿನೀರಿನ ಕೊಳವೆಯ ಧೂಳೂ ಹೋಯಿತು.

"ಥಂಡಿ ಅಂತ ಹೆದರಬ್ಯಾಡ್ರಿ ಕಾಕಾ. ಹೊಸ ಗಾಳಿ ಈ ಕೊಳವಿ ಮ್ಯಾಲೆ ಹಾದು ಬೆಚ್ಚಗಾಗೇ ಬರತೈತಿ. ಕಾವು ಉಳಿಸೂದಿದ್ರ ಕಿಂಡಿ ಮುಚ್ಚಬ್ಯಾಡ್ರಿ, ಮಂದಿ ಹೋದಮ್ಯಾಲೆ ನೀರಿಗೆ ಹೊದಿಕಿ ಹೊಚ್ಚರಿ."

ಸ್ವಿಚ್ಚು ಹಾಕಿದರು. ಫ್ಯಾನು ಒಮ್ಮೆ ನರಳಿ, ಗುಂಯ್ ಎಂದು ತಿರುಗಿತು. ಹೊರಗೋಡೆಯ ತೂತಿನಿಂದ ದಪ್ಪ ಬಿಳಿ ಮಂಜು ಬೀದಿಗೆ ನುಗ್ಗಿತು. ಅದನ್ನು ಕಂಡ ಚಹಾದಂಗಡಿಯವನು ಬೆಂಕಿ ಬಿದ್ದಿದೆ ಎಂದು ಕೊಡ ಹಿಡಿದು ಓಡಿ ಬಂದ. ಒಳಗೆ ಎಲ್ಲರೂ ನಗುವುದನ್ನು ನೋಡಿ, "ಬೆಂಕಿ ಇಲ್ಲೇನು?" ಎಂದು ಬೇಸರದಿಂದ ಕೇಳಿದ. "ಇಲ್ಲಪಾ, ಇದು ಉಸರು" ಎಂದ ಅಂದಾನೆಪ್ಪ.

ಚಹಾದವನೂ ಕೊಡ ಇಟ್ಟು ನಿಂತ. ಗಾಳಿ ತಿಳಿಯಾಗುವವರೆಗೆ ಮಕ್ಕಳನ್ನು ನೀರಿಗೆ ಇಳಿಸಲಿಲ್ಲ. ಮೊದಲು ಗೋಡೆ, ಆಮೇಲೆ ಕಿಟಕಿ, ಕಡೆಗೆ ಆಚೆ ದಂಡೆ ಕಂಡವು. ಆ ದಂಡೆಯಲ್ಲಿ ಡಾಕ್ಟರಮ್ಮ ಜಾಹೀದಾಳನ್ನು ನೀರಿಗೆ ಇಳಿಸಿ, ಒಂದು ಮಾರು ದೂರ ನಿಂತರು. ಈಚೆ ದಂಡೆಯಲ್ಲಿ ಕಾರ್ಡು ಹಿಡಿದ ಜೈತೂನಬಿ. ಹುಡುಗಿ ಕಟ್ಟೆಯಿಂದ ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ಒಂದು ಹೆಜ್ಜೆ, ಎರಡು. ನಡುವೆ ನಿಂತು ಉಸಿರೆಳೆದಳು. ಈಗ ಕೆಮ್ಮುತ್ತಾಳೆ ಎಂದು ಅಂದಾನೆಪ್ಪ ಕಣ್ಣು ಮುಚ್ಚಿಕೊಂಡ.

ಕೆಮ್ಮು ಬರಲಿಲ್ಲ, ಮಾತು ಬಂತು.

"ಅಮ್ಮಾ, ಇಲ್ಲಿಂದ ನೀ ಕಾಣಾಕತ್ತಿ. ಅಲ್ಲೇ ನಿಂದರು, ಬರ್ತೇನಿ."

ಹನ್ನೊಂದು ಹೆಜ್ಜೆ. ಬಂದು ಅಮ್ಮನ ಸೆರಗು ಹಿಡಿದಾಗ ಸೆರಗೂ ಒದ್ದೆ, ಕಣ್ಣೂ ಒದ್ದೆ. ಕಾರ್ಡು ಮತ್ತೆ ಸಂಚಿಯೊಳಗೆ ಹೋಯಿತು. "ಮಂಗಳವಾರ ಎಷ್ಟೊತ್ತಿಗೆ ಬರಬೇಕ್ರಿ?" ಎಂದಳು ಜೈತೂನಬಿ. ಅಂದಾನೆಪ್ಪ ಆ ಗೋಣಿಚೀಲವನ್ನು ಬಾಗಿಲ ಹೊರಗೆ ದೂರ ಒಗೆದು ಬಂದ. ಅಂದಿನಿಂದ ಪ್ರತಿ ಸೋಮವಾರ ಜಾಳಿಗೆ ತೊಳೆಯುವುದು ಅವನ ನೇಮವಾಯಿತು.

ಓದುವ ಅಕ್ಕ ಅಣ್ಣಂದಿರೇ, ಸೂರು ಹಾಕಿದ ಈಜುಕೊಳಕ್ಕೆ ನಿಮ್ಮ ಮಕ್ಕಳನ್ನು ಕರೆದೊಯ್ಯುತ್ತಿದ್ದರೆ, ನೀರಿನ ಜೊತೆಗೆ ಗಾಳಿಯನ್ನೂ ವಿಚಾರಿಸಿ. ಕಣ್ಣುರಿದರೆ, ಸೂರು ತೊಟ್ಟಿಕ್ಕಿದರೆ, ನಾಚಿಕೊಳ್ಳದೆ ಕೇಳಿ: ಫ್ಯಾನು ತಿರುಗುತ್ತಿದೆಯೇ, ಜಾಳಿಗೆ ತೊಳೆದದ್ದು ಯಾವಾಗ, ಕಿಂಡಿಯಲ್ಲಿ ಏನಾದರೂ ತುರುಕಿದ್ದಾರೆಯೇ. ನೀವೂ ಮಕ್ಕಳ ಎಣ್ಣೆ ಬೆವರು ತೊಳೆದೇ ನೀರಿಗಿಳಿಸಿ. ನೋಡಿಕೊಳ್ಳುವವರು ನೀವೇ ಆಗಿದ್ದರೆ, ನಾಳೆ ಬೆಳಿಗ್ಗೆ ಕೊಳದ ಬಾಗಿಲಲ್ಲಿ ಒಂದು ಊದಿನಕಡ್ಡಿ ಹಚ್ಚಿ ನಿಲ್ಲಿ. ಹೊಗೆ ಯಾವ ಕಡೆ ವಾಲುತ್ತದೆ, ಅದೇ ಹೇಳುತ್ತದೆ.